ಮೂವತ್ತು ಯಾಕೆ ಮೂವತ್ತೆರಡಾಯಿತು? ಬೆಳಕಿನ ಪ್ರತಿಫಲನ, ಒಂದು ವರ್ಚುವಲ್ ಪ್ರಯೋಗ, ಮೂರು ಎಂ.ಎಂ. ಗಾಜು

ನೋಟ್‌ಬುಕ್ ತಿದ್ದುವಾಗ ಮೊದಲು ಕಣ್ಣಿಗೆ ಬಿದ್ದದ್ದು ಅಂಕಿಗಳಲ್ಲ, ರಬ್ಬರಿನ ಕಲೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಪ್ರತಿಫಲನ ಕೋನದ ಕೆಳಗೆ 30, 45, 60 ಎಂದು ಅಂದವಾಗಿ ಬರೆದಿದ್ದಳು. ಅಡಿಯಲ್ಲಿ ಅಳಿಸಿದ ಪೆನ್ಸಿಲ್ ಗುರುತು ಇನ್ನೂ ಇತ್ತು. ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. 32, 47, 62. ಮುಂದಿನ ನೋಟ್‌ಬುಕ್ ತೆಗೆದೆ. ಅಲ್ಲೂ ರಬ್ಬರಿನ ಕಲೆ. ಅಲ್ಲೂ ಹೆಚ್ಚುಕಡಿಮೆ ಅವೇ ಅಂಕಿಗಳು.

ಕನ್ನಡಿಗೆ ಬೆಳಕು ಎಷ್ಟು ಓರೆಯಾಗಿ ಬೀಳುತ್ತದೋ ಅಷ್ಟೇ ಓರೆಯಾಗಿ ವಾಪಸ್ ಹೋಗಬೇಕು, 30 ಡಿಗ್ರಿಗೆ ಬಿಟ್ಟರೆ 30. ಒಬ್ಬರ ಅಳತೆ ತಪ್ಪಿದರೆ ಕೈ ಅಲುಗಿತು ಎನ್ನಬಹುದು. ಇಡೀ ತರಗತಿಯ ಅಳತೆ ಒಂದೇ ಕಡೆಗೆ, ಸುಮಾರು ಒಂದೇ ಅಷ್ಟು ತಪ್ಪಿದರೆ? ಕೈ ಅಲುಗಿದ್ದರೆ ಕೆಲವರಿಗೆ 28 ಬರಬೇಕಿತ್ತು, ಕೆಲವರಿಗೆ 33. ಇಲ್ಲಿ ಎಲ್ಲರಿಗೂ ಜಾಸ್ತಿಯೇ ಬಂದಿದೆ. ಎಲ್ಲರಿಗೂ ಎರಡು ಡಿಗ್ರಿ ಆಸುಪಾಸು. ಇದರ ಹಿಂದೆ ಏನೋ ಒಂದು ಕಾರಣ ಇರಲೇಬೇಕು ಅಲ್ವಾ? ಆ ಕಾರಣ ಹುಡುಕುತ್ತಾ ಹೋದ ಎರಡು ವಾರದ ಕಥೆ ಇದು. ಬೆಳಕಿನ ಪಾಠಕ್ಕೆ ವರ್ಚುವಲ್ ಪ್ರಯೋಗ, ಅಂದರೆ ಕಂಪ್ಯೂಟರ್ ಪರದೆಯ ಮೇಲಿನ ಪ್ರಯೋಗ, ಬಳಸುವ ಮೇಷ್ಟ್ರುಗಳಿಗೆ ನನ್ನ ತಪ್ಪು ಉಪಯೋಗಕ್ಕೆ ಬರಬಹುದು ಎಂದು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲ ದಿನ: ಕಂಪ್ಯೂಟರ್ ಕೋಣೆ

ನಮ್ಮದು ಬೇಲೂರು ಕಡೆಯ ಒಂದು ಹೈಸ್ಕೂಲು. ಕಂಪ್ಯೂಟರ್ ಕೋಣೆಯಲ್ಲಿ ಹತ್ತು ಯಂತ್ರಗಳಿವೆ, ಆ ದಿನ ಆರು ಓಡುತ್ತಿದ್ದವು. ವಿಜ್ಞಾನ ಕೋಣೆಯಲ್ಲಿ ಕನ್ನಡಿ ಪಟ್ಟಿಗಳು ಒಡೆದು ಎರಡು ವರ್ಷವಾಗಿತ್ತು. ಹಾಗಾಗಿ ಬೆಳಕಿನ ಪಾಠಕ್ಕೆ ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಸಿದ್ಧ ಅನಿಮೇಶನ್ ಹಾಕಿಕೊಂಡೆ. ಒಂದು ಸಮತಲ ದರ್ಪಣ, ಒಂದು ಕೆಂಪು ಲೇಸರ್, ನಡುವೆ ಕೋನಮಾಪಕ. ಲೇಸರನ್ನು ಮೌಸ್‌ನಿಂದ ಎಳೆದರೆ ಪತನ ಕಿರಣ ತಿರುಗುತ್ತದೆ, ಪ್ರತಿಫಲಿತ ಕಿರಣವೂ ಜೊತೆಗೇ ತಿರುಗುತ್ತದೆ. ಎರಡೂ ಕೋನಗಳ ಅಂಕಿ ಮೂಲೆಯಲ್ಲಿ ಮೂಡುತ್ತದೆ.

ಮಕ್ಕಳಿಗೆ ಖುಷಿಯೋ ಖುಷಿ. ಒಂದು ಪೀರಿಯಡ್ಡಿನಲ್ಲಿ ಎಲ್ಲ ಗುಂಪುಗಳೂ ಏಳೆಂಟು ಅಳತೆ ಬರೆದುಕೊಂಡವು. ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ ಎಂದು ಹೇಳಿಕೊಡುವ ಮೊದಲೇ ಅವರೇ ಹೇಳಿದರು. ನಾನೂ ಬೀಗಿದೆ.

ಬೆಲ್ ಹೊಡೆಯುವ ಮೊದಲು ಸುಮ್ನೆ ಒಂದು ಪ್ರಶ್ನೆ ಕೇಳಿದೆ. "ಪತನ ಕೋನ ಎಲ್ಲಿದೆ, ಬೆರಳಿಟ್ಟು ತೋರಿಸಿ." ಮೂರು ಗುಂಪಿನ ಮಕ್ಕಳು ಕಿರಣಕ್ಕೂ ಕನ್ನಡಿಗೂ ನಡುವೆ ಬೆರಳಿಟ್ಟರು. ಪತನ ಕೋನ ಇರುವುದು ಕಿರಣಕ್ಕೂ ಲಂಬಕ್ಕೂ ನಡುವೆ. ಲಂಬ ಎಂದರೆ ಕಿರಣ ಬೀಳುವ ಚುಕ್ಕಿಯಲ್ಲಿ ಕನ್ನಡಿಗೆ 90 ಡಿಗ್ರಿಗೆ ಎಳೆದ ಗೆರೆ. ಅದು ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತಲೇ ಇತ್ತು, ಆದರೆ ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಯಾಕೆ ಸಿಕ್ಕಿಬೀಳಲಿಲ್ಲ? ಎರಡು ಕಾರಣ. ಆ ಅನಿಮೇಶನ್ ಶುರುವಾಗುವುದೇ 45 ಡಿಗ್ರಿಯಲ್ಲಿ. 45ರಲ್ಲಿ ಲಂಬದಿಂದ ಅಳೆದರೂ ಒಂದೇ, ಕನ್ನಡಿಯಿಂದ ಅಳೆದರೂ ಒಂದೇ. ಎರಡನೆಯದು ಇನ್ನೂ ತಮಾಷೆಯದು. ಕನ್ನಡಿಯಿಂದಲೇ ಅಳೆದುಕೊಳ್ಳಿ, ಆಗಲೂ ಎರಡು ಕಡೆಯ ಕೋನ ಸಮವೇ ಬರುತ್ತದೆ. ತಪ್ಪು ಜಾಗದಿಂದ ಅಳೆದರೂ ನಿಯಮ ಸರಿಯೇ ಇರುತ್ತದೆ. ಹಾಗಾಗಿ ಪ್ರಯೋಗ ಆ ತಪ್ಪನ್ನು ಎತ್ತಿ ತೋರಿಸುವುದೇ ಇಲ್ಲ. ಪರೀಕ್ಷೆಯಲ್ಲಿ "ಕಿರಣವು ಕನ್ನಡಿಯೊಂದಿಗೆ 30 ಡಿಗ್ರಿ ಮಾಡಿದರೆ ಪತನ ಕೋನ ಎಷ್ಟು?" ಎಂದು ಕೇಳಿದಾಗ ಮಾತ್ರ ಬಯಲಾಗುತ್ತದೆ. ಉತ್ತರ 60.

ಲಂಬವೇ ಯಾಕೆ ಬೇಕು ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ, ನಾನು ಹೇಳಿಕೊಡದೆ ಬಿಟ್ಟ ಪ್ರಶ್ನೆ. ಮೇಜಿನ ಮೇಲೆ ಒಂದು ಪೆನ್ಸಿಲ್ ಓರೆಯಾಗಿ ನಿಲ್ಲಿಸಿ ಹಿಡಿದೆ. "ಇದು ಮೇಜಿನ ಜೊತೆ ಎಷ್ಟು ಕೋನ ಮಾಡಿದೆ?" ಕೋನಮಾಪಕ ತಂದು ಒಂದು ಕಡೆ ಇಟ್ಟರೆ ಒಂದು ಅಂಕಿ, ಸ್ವಲ್ಪ ತಿರುಗಿಸಿ ಇಟ್ಟರೆ ಇನ್ನೊಂದು. ಮೇಜಿನ ಮೇಲೆ ಆ ಚುಕ್ಕಿಯಿಂದ ಎಷ್ಟು ದಿಕ್ಕಿಗೆ ಬೇಕಾದರೂ ಗೆರೆ ಎಳೆಯಬಹುದು. ನೆಟ್ಟಗೆ ನಿಲ್ಲುವ ಗೆರೆ ಮಾತ್ರ ಒಂದೇ. ಅದರಿಂದ ಅಳೆದರೆ ಗೊಂದಲವಿಲ್ಲ. ಇದನ್ನು ತೋರಿಸಲು ಚಪ್ಪಟೆ ಪರದೆ ಸಾಲದು, ಪೆನ್ಸಿಲ್ಲೇ ಬೇಕು. ಪತನ ಕಿರಣ, ಲಂಬ, ಪ್ರತಿಫಲಿತ ಕಿರಣ ಮೂರೂ ಒಂದೇ ಸಮತಲದಲ್ಲಿರುತ್ತವೆ ಎನ್ನುವ ಇನ್ನೊಂದು ನಿಯಮಕ್ಕೂ ಇದೇ ಮಾತು. ಪರದೆ ಹೇಗೂ ಒಂದು ಸಮತಲ. ಅಲ್ಲಿ ಆ ನಿಯಮ ಮುರಿಯಲು ಜಾಗವೇ ಇಲ್ಲ.

ಎರಡನೇ ದಿನ: ನಿಜವಾದ ಕನ್ನಡಿ

ಪೇಟೆಯ ಗ್ಲಾಸ್ ಅಂಗಡಿಯಿಂದ ಮೂರು ಎಂ.ಎಂ. ಕನ್ನಡಿಯ ಪಟ್ಟಿಗಳನ್ನು ಕತ್ತರಿಸಿ ತಂದೆ. ಅಂಚಿಗೆ ಇನ್ಸುಲೇಶನ್ ಟೇಪ್ ಸುತ್ತಿದೆವು, ಬೆರಳು ಕೊಯ್ಯಬಾರದಲ್ಲ. ಪಾಠಪುಸ್ತಕದಲ್ಲಿ ಬಾಚಣಿಗೆಯ ಒಂದು ಸಂದು ಬಿಟ್ಟು ಉಳಿದದ್ದನ್ನು ಮುಚ್ಚಿ ಟಾರ್ಚ್ ಬಿಡುವ ಚಟುವಟಿಕೆ ಇದೆ. ನಾವು ಕಪ್ಪು ರಟ್ಟಿನಲ್ಲಿ ಬ್ಲೇಡಿನಿಂದ ಸಣ್ಣ ಸೀಳು ಮಾಡಿಕೊಂಡೆವು. ಅಂಗಡಿಯಲ್ಲಿ ಸಿಗುವ ಲೇಸರ್ ಪಾಯಿಂಟರ್ ಬೇಡ ಎಂದೆ. ಅದರ ಮೇಲೆ ಬರೆದಿರುವ ಶಕ್ತಿಗೂ ಒಳಗಿರುವ ಶಕ್ತಿಗೂ ತಾಳೆಯಾಗುತ್ತದೆಂಬ ಭರವಸೆ ಇಲ್ಲ. ಕನ್ನಡಿಗೆ ಬಿದ್ದ ಲೇಸರ್ ಯಾರ ಕಣ್ಣಿಗೆ ಹೋಗುತ್ತದೋ. ಇಂಥ ಕಡೆ ವರ್ಚುವಲ್ ಪ್ರಯೋಗ ನಿಜಕ್ಕೂ ಒಳ್ಳೆಯದು, ಅಲ್ಲಿ ಲೇಸರ್ ಯಾರನ್ನೂ ಸುಡುವುದಿಲ್ಲ.

ಕಾಗದದ ಮೇಲೆ ಒಂದು ಗೆರೆ, ಗೆರೆಯ ಮೇಲೆ ಕನ್ನಡಿಯ ಮುಂಭಾಗದ ಅಂಚು. ನಡುವೆ ಒಂದು ಚುಕ್ಕಿ, ಚುಕ್ಕಿಯಿಂದ ಲಂಬ. ಲಂಬದಿಂದ 30 ಡಿಗ್ರಿಗೆ ಇನ್ನೊಂದು ಗೆರೆ ಎಳೆದು ಅದರ ಮೇಲೆ ಟಾರ್ಚಿನ ಬೆಳಕು ಬರುವಂತೆ ಇಡಬೇಕು. ವಾಪಸ್ ಬರುವ ಬೆಳಕಿನ ಪಟ್ಟಿಯ ಮೇಲೆ ಗುರುತು ಹಾಕಬೇಕು.

ಇಲ್ಲಿ ನಾನು ಒಂದು ಅಡ್ಡದಾರಿ ಹಿಡಿದೆ. ಪೀರಿಯಡ್ಡಿಗೆ 40 ನಿಮಿಷ, ಗುಂಪುಗಳು ಆರು, ಒಂದೊಂದು ಗುಂಪಿಗೂ ಮೂರು ಕೋನ. ಹಾಗಾಗಿ, "ಬೆಳಕಿನ ಮೇಲೆ ಆರು ಸೆಂಟಿಮೀಟರ್ ದೂರದಲ್ಲಿ ಒಂದೇ ಒಂದು ಗುರುತು ಹಾಕಿ, ಅದನ್ನು ಚುಕ್ಕಿಗೆ ಸೇರಿಸಿ, ಸಾಕು" ಎಂದೆ. ಎರಡು ಗುರುತು ಹಾಕಿ ಅವನ್ನು ಸೇರಿಸುವುದು ಹಳೆಯ ಕ್ರಮ. ಗುಂಡುಸೂಜಿ ಚುಚ್ಚಿ ಮಾಡುವ ಪ್ರಯೋಗದಲ್ಲೂ ಹಾಗೇ, ಎರಡು ಸೂಜಿ. ಕಿರಣ ಚುಕ್ಕಿಯಿಂದಲೇ ಹೊರಡುತ್ತದಲ್ಲ, ಇನ್ನೊಂದು ಗುರುತು ಯಾಕೆ ಎಂದು ನನ್ನ ಬುದ್ಧಿ. ಹಿಂದಿನ ದಿನ ಪರದೆಯಲ್ಲಿ ಹಾಗೇ ತಾನೇ ಕಂಡಿದ್ದು.

ಸಂಜೆ ನೋಟ್‌ಬುಕ್ ತೆಗೆದಾಗ ಸಿಕ್ಕಿದ್ದೇ ಆ ರಬ್ಬರಿನ ಕಲೆಗಳು.

ಮಾರನೇ ದಿನ ಯಾರನ್ನೂ ಬೈಯದೆ ಕೇಳಿದೆ. ಯಾಕೆ ಅಳಿಸಿದಿರಿ? ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಆ ಹುಡುಗಿಯೇ ಹೇಳಿದಳು, "ಕಂಪ್ಯೂಟರಲ್ಲಿ ಮೂವತ್ತೇ ಬಂದಿತ್ತಲ್ವಾ ಸರ್. ನಮ್ದು ತಪ್ಪು ಅಂತ ತಿದ್ಕೊಂಡ್ವಿ."

ಇದಕ್ಕೆ ಏನು ಹೇಳುವುದು? ಮಕ್ಕಳು ಮೋಸ ಮಾಡಿರಲಿಲ್ಲ. ದೊಡ್ಡವರು ಹೇಳಿದ್ದಕ್ಕೂ ತಾವು ಕಂಡದ್ದಕ್ಕೂ ಹೊಂದದಿದ್ದರೆ ತಾವು ಕಂಡದ್ದನ್ನು ಬಿಟ್ಟುಕೊಡುತ್ತಾರೆ. ಇಲ್ಲಿ ದೊಡ್ಡವರ ಜಾಗದಲ್ಲಿ ಕಂಪ್ಯೂಟರ್ ಕೂತಿತ್ತು. ಅದನ್ನು ಅಲ್ಲಿ ಕೂರಿಸಿದವನು ನಾನು. ಮೊದಲು ಪರದೆ, ಆಮೇಲೆ ಕನ್ನಡಿ ಎಂಬ ಕ್ರಮ ಇಟ್ಟುಕೊಂಡಾಗಲೇ ಕನ್ನಡಿಯ ಪ್ರಯೋಗ ಕಾಪಿ ಹೊಡೆಯುವ ಕೆಲಸವಾಗಿಬಿಟ್ಟಿತ್ತು.

ಆ ಅನಿಮೇಶನ್ನಿಗೆ ಬೆಳಕು ಗೊತ್ತಿಲ್ಲ. ಅದನ್ನು ಮಾಡಿದವರು "ಈ ಕೋನ ಎಷ್ಟೋ ಆ ಕೋನ ಅಷ್ಟು" ಎಂದು ಒಂದು ಸಾಲು ಬರೆದಿಟ್ಟಿದ್ದಾರೆ. ಅದು ಯಾವತ್ತೂ 32 ತೋರಿಸಲಾರದು. ನಾವೇ ಬಚ್ಚಿಟ್ಟದ್ದನ್ನು ನಾವೇ ಹುಡುಕಿ ತೆಗೆದು "ಸಿಕ್ಕಿತು" ಎಂದ ಹಾಗೆ. ನಿಯಮ ಹೇಗೆ ಕಾಣುತ್ತದೆ ಎಂದು ತೋರಿಸುವುದಕ್ಕೆ ಅದು ಸರಿ. ನಿಯಮ ನಿಜವೇ ಎಂದು ಅದರ ಹತ್ತಿರ ಕೇಳಿ ಪ್ರಯೋಜನವಿಲ್ಲ.

"ಗೆರೆ ಚುಕ್ಕಿಯಿಂದ ಹೊರಡ್ತಿಲ್ಲ ಸರ್"

ಹಾಗಿದ್ದರೆ 32 ಎಲ್ಲಿಂದ ಬಂತು? ಕಿಟಕಿಗೆ ಬೆಂಚಿನ ಮೇಲಿನ ಹಳೆಯ ಜಮಖಾನ ಹಾಕಿ ಕೋಣೆ ಕತ್ತಲು ಮಾಡಿದೆವು. ಎಲ್ಲರೂ ಕಾಗದದ ಹತ್ತಿರ ಮುಖ ಇಟ್ಟು ನೋಡಿದರು. ಸಲೂನ್ ಇಟ್ಟುಕೊಂಡವರ ಮಗನೊಬ್ಬ ಇದ್ದಾನೆ. ದಿನಾ ಕನ್ನಡಿಗಳ ನಡುವೆ ಇರುವ ಹುಡುಗ. ಮೊದಲು ಹೇಳಿದ್ದು ಅವನೇ. "ಸರ್, ಗೆರೆ ಚುಕ್ಕಿಯಿಂದ ಹೊರಡ್ತಿಲ್ಲ. ಪಕ್ಕದಿಂದ ಹೊರಡ್ತೈತೆ."

ಬಗ್ಗಿ ನೋಡಿದೆ. ಹೌದು. ಒಳಗೆ ಹೋದ ಬೆಳಕು ಚುಕ್ಕಿಗೆ ಸರಿಯಾಗಿ ಬೀಳುತ್ತಿದೆ. ವಾಪಸ್ ಬರುವ ಬೆಳಕು ಚುಕ್ಕಿಯಿಂದ ಸುಮಾರು ಮೂರು ಮಿ.ಮೀ. ಆಚೆ ಗಾಜಿನಿಂದ ಹೊರಬರುತ್ತಿದೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ನಾನು ಇದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಅವನು ಅಲ್ಲಿಗೆ ನಿಲ್ಲಿಸಲಿಲ್ಲ. "ಇನ್ನೊಂದು ಮಂಕು ಗೆರೆ ಐತೆ ಸರ್. ಅದು ಚುಕ್ಕಿಯಿಂದ್ಲೇ ಹೊರಡ್ತೈತೆ." ಅದೂ ಇತ್ತು. ತೀರಾ ತೆಳು, ಪಕ್ಕದ ಗಟ್ಟಿ ಗೆರೆಗೆ ಸಮಾನಾಂತರ.

ಕೈಯಲ್ಲಿರುವ ಸಾಮಾನ್ಯ ಕನ್ನಡಿಯಲ್ಲಿ ಬೆಳ್ಳಿಯ ಲೇಪ ಇರುವುದು ಗಾಜಿನ ಹಿಂದೆ. ಬೆಳಕು ಮೊದಲು ಗಾಜಿಗೆ ಬೀಳುತ್ತದೆ. ನೇರವಾಗಿ ಬಿದ್ದರೆ ನೂರರಲ್ಲಿ ನಾಲ್ಕು ಪಾಲಿನಷ್ಟು ಅಲ್ಲೇ ಪ್ರತಿಫಲಿಸಿಬಿಡುತ್ತದೆ. ಅದೇ ಆ ಮಂಕು ಗೆರೆ. ಉಳಿದದ್ದು ಗಾಜಿನೊಳಗೆ ಹೋಗುವಾಗ ಲಂಬದ ಕಡೆಗೆ ಬಾಗುತ್ತದೆ, ಹಿಂದಿನ ಲೇಪಕ್ಕೆ ತಾಗಿ ತಿರುಗುತ್ತದೆ, ಹೊರಗೆ ಬರುವಾಗ ಮತ್ತೆ ಅಷ್ಟೇ ಬಾಗಿ ಮೊದಲಿನ ಓರೆಗೆ ಬರುತ್ತದೆ. ಕೋನ ಕೆಡುವುದಿಲ್ಲ. ಜಾಗ ಮಾತ್ರ ಸರಿಯುತ್ತದೆ. ಮೂರು ಮಿ.ಮೀ. ಗಾಜು, 45 ಡಿಗ್ರಿ ಓರೆ, ಗಾಜಿನ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಹೇಳುವ ಅಂಕಿ) 1.5 ಎಂದು ಲೆಕ್ಕ ಹಾಕಿದರೆ ಸರಿಯುವುದು 3.2 ಮಿ.ಮೀ. ಹೀಗೆ ಸರಿದ ಬೆಳಕಿನ ಮೇಲೆ ಗುರುತು ಹಾಕಿ ಅದನ್ನು ಹಳೆಯ ಚುಕ್ಕಿಗೆ ಬಲವಂತವಾಗಿ ಸೇರಿಸಿದರೆ, ಆರು ಸೆಂಟಿಮೀಟರ್ ದೂರದಲ್ಲಿ ಕೋನ 47 ಆಗುತ್ತದೆ. 30ಕ್ಕೆ ಹತ್ತಿರ ಹತ್ತಿರ 32, 60ಕ್ಕೆ 62.

ಅಳಿಸಿದ ಅಂಕಿಗಳೇ! ಮಕ್ಕಳು ಅಳೆದದ್ದು ಸರಿಯಾಗಿತ್ತು. ಒಂದೇ ಗುರುತು ಸಾಕು ಎಂದ ನನ್ನ ಅಡ್ಡದಾರಿಯೇ ತಪ್ಪು.

ಇಷ್ಟನ್ನು ನಾನು ಬೋರ್ಡಿನ ಮೇಲೆ ಬರೆದು ಮುಗಿಸಬಹುದಿತ್ತು. ಆದರೆ ಎಂಟನೇ ತರಗತಿಗೆ ವಕ್ರೀಭವನದ ಸೂತ್ರ ಇಲ್ಲ. ಜೊತೆಗೆ ಒಬ್ಬ ಹುಡುಗ ಒಂದು ಮಾತು ಎತ್ತಿದ. "ಲೇಪ ಹಿಂದೆ ಇದ್ರೆ ಹಿಂದಿನ ಅಂಚನ್ನ ಗೆರೆ ಮೇಲೆ ಇಟ್ರೆ ಆಯ್ತಲ್ಲ ಸರ್?" ಒಳ್ಳೆಯ ತರ್ಕ. ಎಷ್ಟೋ ಪ್ರಯೋಗ ಪುಸ್ತಕಗಳು ಹೇಳುವುದೂ ಅದನ್ನೇ. ಮಾಡಿ ನೋಡೋಣ ಎಂದೆ. ಈ ಸಲ 29, 43, 57 ಬಂತು. ಈಗ ಎಲ್ಲವೂ ಕಡಿಮೆ! ಅದೂ ಓರೆ ಹೆಚ್ಚಾದಷ್ಟೂ ಕೊರತೆ ಹೆಚ್ಚು. ಮುಂದಿನ ಅಂಚಿಗೆ ಇಟ್ಟರೆ ಜಾಸ್ತಿ, ಹಿಂದಿನ ಅಂಚಿಗೆ ಇಟ್ಟರೆ ಕಡಿಮೆ. ಹಾಗಾದರೆ ಕನ್ನಡಿ ನಿಜವಾಗಿ ಎಲ್ಲಿದೆ?

ತರಗತಿ ಅವತ್ತು ಗದ್ದಲದಲ್ಲಿ ಮುಗಿಯಿತು. ಪಕ್ಕದ ತರಗತಿಯವರು ಬಂದು ಬಾಗಿಲು ಹಾಕಿಕೊಂಡು ಹೋದರು.

ನಾವೇ ಮಾಡಿದ ವರ್ಚುವಲ್ ಪ್ರಯೋಗ

ಇಲ್ಲಿಂದ ಕಂಪ್ಯೂಟರ್ ಮತ್ತೆ ಬಂತು, ಬೇರೆ ಕೆಲಸಕ್ಕೆ. ನಮ್ಮ ಗಣಿತದ ಮೇಡಂ ಜಿಯೋಜೀಬ್ರಾ ಬಳಸಿ ರೇಖಾಗಣಿತ ಹೇಳಿಕೊಡುತ್ತಾರೆ. ಉಚಿತ ಸಾಫ್ಟ್‌ವೇರ್, ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಊಟದ ಬಿಡುವಿನಲ್ಲಿ ಅವರ ಹತ್ತಿರ ಹೋಗಿ ಸಮಸ್ಯೆ ಹೇಳಿದೆ. ಅವರು ಒಂದು ತುತ್ತು ಬಾಯಿಗಿಟ್ಟುಕೊಂಡೇ, "ಗಾಜಿನ ದಪ್ಪಕ್ಕೆ ಒಂದು ಸ್ಲೈಡರ್ ಹಾಕೋಣ" ಎಂದರು. ಈ ಎರಡು ವಾರದಲ್ಲಿ ನಾನು ಕೇಳಿದ ಅತ್ಯುತ್ತಮ ಮಾತು ಅದು.

ಎರಡು ಸಂಜೆ ಕೂತು ಮಾಡಿದೆವು. ಮುಂದಿನ ಅಂಚಿಗೆ ಒಂದು ಗೆರೆ, ಹಿಂದಿನ ಲೇಪಕ್ಕೆ ಒಂದು ಗೆರೆ. ದಪ್ಪದ ಸ್ಲೈಡರ್ ಸೊನ್ನೆಯಿಂದ ಹತ್ತು ಮಿ.ಮೀ. ತನಕ, ಪತನ ಕೋನಕ್ಕೆ ಇನ್ನೊಂದು ಸ್ಲೈಡರ್. ಗಾಜಿನೊಳಗೆ ಬಾಗುವ ಕೋನವನ್ನು ಸೂತ್ರ ಹಾಕಿ ಲೆಕ್ಕ ಮಾಡಿಸಿದೆವು. ಆರು ಸೆಂಟಿಮೀಟರ್ ದೂರದಲ್ಲಿ ಒಂದು ಗುರುತು, ಅದನ್ನು ಚುಕ್ಕಿಗೆ ಸೇರಿಸುವ ಗೆರೆ, ಆ ಗೆರೆಯ ಕೋನ. ಅಂದರೆ ನನ್ನ ತಪ್ಪು ವಿಧಾನವನ್ನೂ ಕಂಪ್ಯೂಟರಿನೊಳಗೆ ಹಾಕಿದೆವು. ಸಿದ್ಧ ಅನಿಮೇಶನ್ನಿನಲ್ಲಿ ಇಲ್ಲದಿದ್ದದ್ದು ಇದೇ.

ಮಕ್ಕಳಿಗೆ ಕೊಡುವ ಮೊದಲು ಬೆಳಕು ಗಾಜಿನಲ್ಲಿ ಬಾಗುತ್ತದೆ ಎನ್ನುವುದನ್ನು ಕಣ್ಣಿಗೆ ಕಾಣಿಸಬೇಕಿತ್ತು. ಒಂದು ಬೋಗುಣಿಯಲ್ಲಿ ನಾಣ್ಯ ಇಟ್ಟು ನೀರು ಹಾಕಿ ತೋರಿಸಿದೆ. ಆಮೇಲೆ ಫೆಟ್‌ನವರ 'ಬೆಂಡಿಂಗ್ ಲೈಟ್' ತೆರೆದೆ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ವರ್ಚುವಲ್ ಪ್ರಯೋಗಗಳ ಯೋಜನೆ ಫೆಟ್. ಅದರ ಫೈಲುಗಳನ್ನು ಇಳಿಸಿಕೊಂಡು ಇಟ್ಟರೆ ಇಂಟರ್ನೆಟ್ ಇಲ್ಲದಾಗಲೂ ನಡೆಯುತ್ತವೆ, ನಮ್ಮಂಥ ಕಡೆ ಅದು ದೊಡ್ಡ ಅನುಕೂಲ. ಗಾಳಿಯಿಂದ ಗಾಜಿಗೆ ಲೇಸರ್ ಬಿಟ್ಟ ಕೂಡಲೇ ಸಲೂನಿನ ಹುಡುಗ ಕೂಗಿದ, "ಸರ್, ಇದ್ರಲ್ಲೂ ಮಂಕು ಗೆರೆ ಐತೆ!" ಗಾಜಿನ ಮೇಲ್ಮೈಯಿಂದ ವಾಪಸ್ ಹೋಗುವ ತೆಳು ಕಿರಣವನ್ನು ಅದನ್ನು ಮಾಡಿದವರು ಬಿಟ್ಟಿಲ್ಲ. ಅಚ್ಚುಕಟ್ಟು ಎಂದರೆ ಅದು.

ನಮ್ಮ ಫೈಲಿಗೆ ಬಂದರೆ, ಸ್ಲೈಡರ್ ಮೂರಕ್ಕೆ ಇಟ್ಟು 45 ಡಿಗ್ರಿಗೆ ಬಿಟ್ಟಾಗ ಅಂಕಿ 47 ಎಂದು ಬಂತು. ತರಗತಿಯಲ್ಲಿ ಒಂದು ಬಗೆಯ ಉಸಿರು ಕೇಳಿಸಿತು. ಕಂಪ್ಯೂಟರ್ ಈಗ ಅವರು ಅಳಿಸಿದ ಅಂಕಿಯನ್ನೇ ಹೇಳುತ್ತಿತ್ತು. ಹತ್ತಕ್ಕೆ ಎಳೆದರೆ 51 ದಾಟಿತು. ಅಂಗಡಿಯಲ್ಲಿ ಹತ್ತು ಎಂ.ಎಂ. ಕನ್ನಡಿ ಪಟ್ಟಿ ಕತ್ತರಿಸಿ ತರುವುದು ನಮ್ಮಿಂದಾಗದ ಕೆಲಸ, ಪರದೆಯಲ್ಲಿ ಒಂದು ಎಳೆತ. ಸೊನ್ನೆಗೆ ತಂದರೆ ಮಂಕು ಗೆರೆಯೂ ಗಟ್ಟಿ ಗೆರೆಯೂ ಒಂದರ ಮೇಲೊಂದು ಕೂತು ಅಂಕಿ 45ಕ್ಕೆ ನಿಂತಿತು.

"ದಪ್ಪವೇ ಇಲ್ಲದ ಕನ್ನಡಿ ಎಲ್ಲಿರುತ್ತೆ ಸರ್?"

ಇದಕ್ಕೆ ಉತ್ತರ ನಮ್ಮೂರಲ್ಲೇ ಇದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅಲ್ಲಿನ ದರ್ಪಣ ಸುಂದರಿಯನ್ನು ಈ ಮಕ್ಕಳು ಎಷ್ಟು ಸಲ ನೋಡಿಲ್ಲ. ಅವಳ ಕೈಯಲ್ಲಿರುವುದು ಈಗಿನ ಥರ ಗಾಜಿನ ಹಿಂದೆ ಬೆಳ್ಳಿ ಬಳಿದ ಕನ್ನಡಿ ಆಗಿರಲು ಸಾಧ್ಯವಿಲ್ಲ. ಗಾಜಿಗೆ ಬೆಳ್ಳಿಯ ಲೇಪ ಕೂರಿಸುವ ವಿಧಾನವನ್ನು ಜರ್ಮನಿಯ ಲೀಬಿಗ್ ತೋರಿಸಿದ್ದು 1835ರಲ್ಲಿ. ಅದಕ್ಕೂ ಬಹಳ ಹಿಂದೆ ನಮ್ಮಲ್ಲಿ ಇದ್ದದ್ದು ಉಜ್ಜಿ ಉಜ್ಜಿ ಹೊಳಪು ಬರಿಸಿದ ಲೋಹದ ಕನ್ನಡಿ. ಕೇರಳದ ಆರನ್ಮುಳದಲ್ಲಿ ತಾಮ್ರ, ತವರದ ಮಿಶ್ರಲೋಹದಿಂದ ಅಂಥದ್ದನ್ನು ಈಗಲೂ ಮಾಡುತ್ತಾರೆ. ಅದರಲ್ಲಿ ಪ್ರತಿಫಲನ ಮುಂದಿನ ಮುಖದಲ್ಲೇ. ಪೆನ್ನಿನ ತುದಿ ತಾಗಿಸಿದರೆ ಪ್ರತಿಬಿಂಬದ ತುದಿ ಬಂದು ಮುಟ್ಟುತ್ತದೆ. ಮನೆಯ ಕನ್ನಡಿಯಲ್ಲಿ ನಡುವೆ ಸಂದು ಉಳಿಯುತ್ತದೆ. ಮಕ್ಕಳು ಆ ದಿನ ಸ್ಕೂಲಿನ ಎಲ್ಲ ಕನ್ನಡಿಗಳಿಗೂ ಪೆನ್ನು ಚುಚ್ಚಿ ನೋಡಿದರು, ಸ್ಟಾಫ್ ರೂಮಿನದ್ದೂ ಸೇರಿಸಿ.

ಇನ್ನು "ಕನ್ನಡಿ ನಿಜವಾಗಿ ಎಲ್ಲಿದೆ" ಎಂಬ ಹಳೆಯ ಪ್ರಶ್ನೆ. ಫೈಲಿನಲ್ಲಿ ಒಳಹೋಗುವ ಗೆರೆಯನ್ನೂ ಹೊರಬರುವ ಗೆರೆಯನ್ನೂ ಗಾಜಿನೊಳಗೆ ನೇರವಾಗಿ ಮುಂದುವರಿಸಿ ಎಳೆದೆವು. ಅವು ಕೂಡುವ ಜಾಗ ಮುಂದಿನ ಅಂಚೂ ಅಲ್ಲ, ಹಿಂದಿನದ್ದೂ ಅಲ್ಲ. 30 ಡಿಗ್ರಿಗೆ ಮುಂಭಾಗದಿಂದ 1.8 ಮಿ.ಮೀ. ಒಳಗೆ, 45ಕ್ಕೆ 1.6, 60ಕ್ಕೆ 1.2. ಕೋನ ಬದಲಾದಂತೆ ಆ ಜಾಗವೂ ಓಡಾಡುತ್ತದೆ. ಕಾಗದದ ಮೇಲೆ ಕನ್ನಡಿಯನ್ನು ಎಲ್ಲಿಟ್ಟರೂ ಎಲ್ಲ ಕೋನಕ್ಕೂ ಸರಿಹೋಗುವ ಒಂದು ಗೆರೆ ಇಲ್ಲ ಎಂದಾಯಿತು.

ಹಾಗಾದರೆ ಸರಿಯಾಗಿ ಅಳೆಯುವುದು ಹೇಗೆ? ಇದನ್ನು ಮಕ್ಕಳೇ ಹೇಳಿದರು, ನಾನು ಹೇಳಲಿಲ್ಲ. ಬೆಳಕಿನ ಮೇಲೆ ಎರಡು ಗುರುತು ಹಾಕಿ ಅವೆರಡನ್ನೇ ಸೇರಿಸಬೇಕು. ಚುಕ್ಕಿಯ ಗೊಡವೆ ಬೇಡ. ಆ ಗೆರೆ ಕನ್ನಡಿಯ ಗೆರೆಗೆ ಎಲ್ಲಿ ತಾಗುತ್ತದೋ ಅಲ್ಲಿ ಇನ್ನೊಂದು ಲಂಬ ಎಳೆದು ಕೋನ ಅಳೆಯಬೇಕು. ಬೆಳಕು ಪಕ್ಕಕ್ಕೆ ಸರಿದರೂ ಅದರ ಓರೆ ಬದಲಾಗಿಲ್ಲವಲ್ಲ. ಮತ್ತೆ ರಟ್ಟು, ಟಾರ್ಚ್, ಕನ್ನಡಿ. ಈ ಸಲ 30, 45, 60 ಒಂದು ಡಿಗ್ರಿ ಆಚೀಚೆಯಲ್ಲಿ ಬಂದವು, ಮುಂದಿನ ಅಂಚಿಗೆ ಇಟ್ಟರೂ ಹಿಂದಿನ ಅಂಚಿಗೆ ಇಟ್ಟರೂ. ಒಂದು ಗುಂಪಿಗೆ 44 ಬಂದಿತ್ತು. ಅವರು ಅದನ್ನು 44 ಎಂದೇ ಬರೆದು, ಪಕ್ಕದಲ್ಲಿ "ಸೀಳು ಅಗಲ ಆಯ್ತು" ಎಂದು ಸೇರಿಸಿದ್ದರು. ಅದಕ್ಕೆ ಒಂದು ಸ್ಟಾರ್ ಹಾಕಿದೆ.

ಏನು ಸರಿಹೋಯಿತು, ಏನು ಹೋಗಲಿಲ್ಲ

ಎಲ್ಲವೂ ಸುಖಾಂತ್ಯವಾಗಲಿಲ್ಲ. ತಿಂಗಳ ಪರೀಕ್ಷೆಯಲ್ಲಿ ಕನ್ನಡಿಯೊಂದಿಗೆ 30 ಡಿಗ್ರಿ ಮಾಡುವ ಕಿರಣದ ಪ್ರಶ್ನೆ ಕೊಟ್ಟೆ. ಕೆಲವರು ಇನ್ನೂ 30 ಎಂದೇ ಬರೆದರು. ಗಾಜಿನ ದಪ್ಪದ ಬಗ್ಗೆ ಉತ್ಸಾಹದಿಂದ ಮಾತಾಡಿದ ಇಬ್ಬರು ಕೂಡ. ಒಂದು ಹಳೆಯ ಗೊಂದಲದ ಮೇಲೆ ಹೊಸ ತಿಳಿವಳಿಕೆ ಕೂತರೆ ಕೆಳಗಿನದ್ದು ಹಾಗೇ ಇರಬಹುದು ಎಂದು ಗೊತ್ತಾಯಿತು.

ಇನ್ನೊಂದು ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ತಪ್ಪಿದರು. ಸಣ್ಣ ಗೋಡೆ ಕನ್ನಡಿಯಲ್ಲಿ ಎದೆಯವರೆಗೆ ಮಾತ್ರ ಕಾಣುತ್ತಿದೆ. ಹಿಂದೆ ಹಿಂದೆ ಹೋದರೆ ಕಾಲೂ ಕಾಣುತ್ತದೆಯೇ? ಕಾಣುತ್ತದೆ ಎಂದು ಬರೆದರು. ಗೋಡೆಗೆ ನೆಟ್ಟಗೆ ತೂಗುಹಾಕಿದ ಕನ್ನಡಿಯಲ್ಲಿ ಕಾಣುವುದಿಲ್ಲ. ಎಷ್ಟು ಹಿಂದೆ ಹೋದರೂ ನಿಮ್ಮ ಮೈಯ ಅಷ್ಟೇ ಭಾಗ. ಇದು ಮಕ್ಕಳ ತಪ್ಪೂ ಅಲ್ಲ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಹೀಗೇ ಕೇಳಿ ಗೋಲ್ಡ್‌ಬರ್ಗ್ ಮತ್ತು ಮೆಕ್‌ಡರ್ಮಟ್ ಎಂಬ ಇಬ್ಬರು 1986ರಲ್ಲಿ ಬರೆದಿದ್ದರು. ಅಲ್ಲಿಯೂ ಇದೇ ಉತ್ತರ ಧಾರಾಳವಾಗಿ ಬಂದಿತ್ತು. ಇದನ್ನು ಪರದೆಯಲ್ಲಿ ಮಾಡಿಸಲು ನಾನು ಹೋಗಲಿಲ್ಲ. ಸ್ಟಾಫ್ ರೂಮಿನ ಕನ್ನಡಿಯೇ ಸಾಕಾಯಿತು. ಒಬ್ಬೊಬ್ಬರೂ ಹಿಂದೆ ನಡೆದು, ಬಾಗಿಲು ದಾಟಿ, ವರಾಂಡದವರೆಗೂ ಹೋಗಿ ನೋಡಿ ಬಂದರು.

ವರ್ಚುವಲ್ ಪ್ರಯೋಗ ಕೈಕೆಲಸಕ್ಕಿಂತ ಮೇಲು ಎಂದು ನಿಸ್ಸಂಶಯವಾಗಿ ಅನಿಸಿದ್ದು ಎರಡು ಕನ್ನಡಿಗಳ ಪಾಠದಲ್ಲಿ. ಎರಡು ಕನ್ನಡಿಗಳನ್ನು 90 ಡಿಗ್ರಿಗೆ ಜೋಡಿಸಿದರೆ, ಆ ಸಮತಲದಲ್ಲಿ ಯಾವ ಓರೆಯಲ್ಲಿ ಬೆಳಕು ಬಿಟ್ಟರೂ ಅದು ಎರಡು ಸಲ ಪ್ರತಿಫಲಿಸಿ ಬಂದ ದಿಕ್ಕಿಗೇ ಸಮಾನಾಂತರವಾಗಿ ಹಿಂತಿರುಗುತ್ತದೆ. ಮೇಜಿನ ಮೇಲೆ ಮಾಡಿದರೆ ಕನ್ನಡಿ ಒಂಚೂರು ಜರುಗಿ ಆಟ ಕೆಡುತ್ತದೆ. ಜಿಯೋಜೀಬ್ರಾದಲ್ಲಿ ಕೋನವನ್ನು ಬೇಕೆಂದೇ 89ಕ್ಕೆ ಇಟ್ಟೆವು. ವಾಪಸ್ ಬರುವ ಕಿರಣ ಎರಡು ಡಿಗ್ರಿ ತಪ್ಪಿತು. ಒಂದು ಡಿಗ್ರಿಯ ತಪ್ಪು ದುಪ್ಪಟ್ಟಾಗಿ ಬರುತ್ತದೆ.

ಇದರಿಂದ ಏನು ಮಹಾ ಎಂದು ಕೇಳುವಂತಿಲ್ಲ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೆ ನಾಸಾ ಕೊಟ್ಟ ಒಂದು ಪುಟ್ಟ ಸಾಧನವಿದೆ. ಸುಮಾರು ಎರಡು ಇಂಚು ಅಗಲ, ಗುಮ್ಮಟದ ಆಕಾರ, ಅದರಲ್ಲಿ ಎಂಟು ಮೂಲೆ-ಪಟ್ಟಕಗಳು. ಮೂರು ಮುಖಗಳು ಪರಸ್ಪರ 90 ಡಿಗ್ರಿಗೆ ಕೂಡುವ ಮೂಲೆ, ನಮ್ಮ ಎರಡು ಕನ್ನಡಿಗೆ ಇನ್ನೊಂದು ಸೇರಿಸಿದ ಹಾಗೆ. ಲ್ಯಾಂಡರ್ ಕೆಲಸ ಮುಗಿಸಿ ಮಲಗಿದ ಮೇಲೂ ಇದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ. 2023ರ ಡಿಸೆಂಬರ್ 12ರಂದು ಚಂದ್ರನ ಸುತ್ತ ತಿರುಗುವ ನಾಸಾದ ನೌಕೆ ಸುಮಾರು 100 ಕಿ.ಮೀ. ದೂರದಿಂದ ವಿಕ್ರಮ್ ಕಡೆಗೆ ಲೇಸರ್ ಬಿಟ್ಟು, ವಾಪಸ್ ಬಂದ ಬೆಳಕನ್ನು ಹಿಡಿಯಿತು. ಎರಡು ಡಿಗ್ರಿ ತಪ್ಪಿದ್ದರೆ 100 ಕಿ.ಮೀ. ದೂರಕ್ಕೆ ಎಷ್ಟು ತಪ್ಪುತ್ತಿತ್ತು? ಮಕ್ಕಳು ನಕ್ಷೆ ಎಳೆದು ಲೆಕ್ಕ ಹಾಕಿದರು. ಸುಮಾರು ಮೂರೂವರೆ ಕಿ.ಮೀ. ಇಲ್ಲಿಂದ ಪೇಟೆಯ ಬಸ್‌ಸ್ಟ್ಯಾಂಡಿನ ದೂರ ಎಂದು ಒಬ್ಬಳು ಹೇಳಿದಳು.

ಮುಂದಿನ ವರ್ಷಕ್ಕೆ ಕ್ರಮ ಬದಲಿಸಿದ್ದೇನೆ. ಮೊದಲ ದಿನ ಟಾರ್ಚ್ ಮತ್ತು ಕನ್ನಡಿ. ಒಂದೇ ಗುರುತು ಹಾಕುವ ಅಡ್ಡದಾರಿಯನ್ನು ಬೇಕೆಂದೇ ಉಳಿಸಿಕೊಳ್ಳುತ್ತೇನೆ, 32 ಬರಲಿ. ಅಂಕಿಗಳನ್ನು ಪೆನ್ನಿನಲ್ಲಿ ಬರೆಸುತ್ತೇನೆ, ರಬ್ಬರ್ ಒಳಗಿಡಿಸಿ. ಆಮೇಲೆ ನಮ್ಮ ಸ್ಲೈಡರ್ ಫೈಲು, ಮೂರು ಮಿ.ಮೀ.ಗೆ ಇಟ್ಟು. ಸೊನ್ನೆಗೆ ಎಳೆಯುವುದು ಕಟ್ಟಕಡೆಗೆ. ಹಳೆಯ ಸಿದ್ಧ ಅನಿಮೇಶನ್ ಪೂರ್ತಿ ಬಿಟ್ಟಿಲ್ಲ. ಪಾಠ ಮುಗಿದ ಮೇಲೆ ಅದನ್ನು ತೋರಿಸಿ, "ಇದರಲ್ಲಿ ಏನನ್ನು ಬಿಟ್ಟಿದ್ದಾರೆ?" ಎಂದು ಕೇಳುವ ಯೋಚನೆ ಇದೆ.

ಪಾಠ ಮುಗಿದು ಒಂದು ವಾರದ ಮೇಲೆ ಸಲೂನಿನ ಹುಡುಗ ಮತ್ತೆ ಬಂದ. ಅವನ ಮಾಮ ಟ್ಯಾಕ್ಸಿ ಓಡಿಸುತ್ತಾರಂತೆ. ಒಳಗಿನ ಕನ್ನಡಿಯ ಕೆಳಗೆ ಒಂದು ಚಿಕ್ಕ ಕಡ್ಡಿ ಇದೆ, ರಾತ್ರಿ ಹಿಂದಿನ ಗಾಡಿಯ ಲೈಟು ಕಣ್ಣಿಗೆ ಹೊಡೆದರೆ ಅದನ್ನು ತಿರುಗಿಸುತ್ತಾರೆ, ಆಗ ಲೈಟು ಮಂಕಾಗಿ ಕಾಣುತ್ತದೆ. "ಅದು ನಮ್ಮ ಮಂಕು ಗೆರೇನೇ ಅಲ್ವಾ ಸರ್?"

ಅದೇ. ಆ ಗಾಜು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಬೆಣೆಯ ಹಾಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದರಿಂದ ಎರಡು ಗೆರೆಗಳು ಸಮಾನಾಂತರ ಬಿಟ್ಟು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಕಡ್ಡಿ ತಿರುಗಿಸಿದಾಗ ಗಟ್ಟಿ ಗೆರೆ ಕಾರಿನ ಚಾವಣಿಗೆ ಹೋಗುತ್ತದೆ, ಮಂಕು ಗೆರೆ ಡ್ರೈವರ್ ಕಣ್ಣಿಗೆ ಬರುತ್ತದೆ.

ಅವನನ್ನು ಕರೆದುಕೊಂಡು ಗಣಿತದ ಮೇಡಂ ಹತ್ತಿರ ಹೋದೆ. ನಮ್ಮ ಫೈಲಿನಲ್ಲಿ ಬೆಣೆ ಮಾಡುವುದಕ್ಕೆ ದಪ್ಪದ ಸ್ಲೈಡರ್ ಸಾಲುವುದಿಲ್ಲ, ಹಿಂದಿನ ಗೆರೆಯನ್ನೇ ಓರೆ ಮಾಡಬೇಕು. ಮೇಡಂ ಟಿಫಿನ್ ಡಬ್ಬಿ ಪಕ್ಕಕ್ಕಿಟ್ಟು, "ಎಷ್ಟು ಡಿಗ್ರಿ ಓರೆ ಇರುತ್ತೋ, ನಿಮ್ಮ ಮಾಮನ್ನ ಕೇಳ್ಕೊಂಡು ಬಾ" ಎಂದು ಹೊಸ ಫೈಲ್ ತೆರೆದರು.